ಬಜೆಟ್ ತಡವಾದರೆ ಸಂಸದರ ಸಂಬಳ ನಿಲ್ಲಿಸುವುದು ಸರಿಯಾದ ದಾರಿಯೇ?

ಅಮೆರಿಕದಲ್ಲಿ ಬಜೆಟ್ ಸಮಯಕ್ಕೆ ಪಾಸಾಗದಿದ್ದರೆ ಸಂಸದರ ಸಂಬಳ ತಡೆದರೆ ಉಪಯೋಗ ಇದೆಯಾ ಎಂದು ಕೇಳಿದ್ದೀರಿ. ಇದೆ, ಆದರೆ ಜನ ಅಂದುಕೊಂಡಷ್ಟಲ್ಲ.

2013ರಲ್ಲಿ ‘ಬಜೆಟ್ ಇಲ್ಲದಿದ್ದರೆ ಸಂಬಳವೂ ಇಲ್ಲ’ ಎಂಬ ಕಾನೂನು ಬಂತು. ಏಪ್ರಿಲ್ 15ರೊಳಗೆ ಬಜೆಟ್ ನಿರ್ಣಯ (ಖರ್ಚಿನ ಒಟ್ಟು ರೂಪರೇಷೆ, ಹಣ ಮಂಜೂರು ಮಾಡುವ ಕಾನೂನಲ್ಲ) ಪಾಸು ಮಾಡದ ಸದನದ ಸದಸ್ಯರ ಸಂಬಳವನ್ನು ಎತ್ತಿಡಬೇಕಿತ್ತು. ಎತ್ತಿಡುವುದು ಅಷ್ಟೇ, ಕಡಿತ ಅಲ್ಲ. ಏಕೆಂದರೆ ಅಲ್ಲಿನ ಸಂವಿಧಾನದ 27ನೇ ತಿದ್ದುಪಡಿ ಪ್ರಕಾರ, ನಡುವೆ ಒಂದು ಚುನಾವಣೆ ಆಗುವವರೆಗೆ ಸಂಸದರ ಸಂಬಳದ ಬದಲಾವಣೆ ಜಾರಿಗೆ ಬರುವುದಿಲ್ಲ. ಬೆದರಿಕೆ ಸ್ವಲ್ಪ ಫಲ ಕೊಟ್ಟಿತು ಅನ್ನಬಹುದು: ಮೇಲ್ಮನೆಯಾದ ಸೆನೆಟ್ ನಾಲ್ಕು ವರ್ಷಗಳಲ್ಲಿ ಮೊದಲ ಸಲ ಬಜೆಟ್ ಪಾಸು ಮಾಡಿತು. ಆದರೆ ಎರಡೂ ಸದನಗಳು ತಮ್ಮ ತಮ್ಮ ಬಜೆಟ್ ಮುಗಿಸಿ ಸುಮ್ಮನಾದವು. ಎರಡನ್ನೂ ಒಂದು ಮಾಡುವ ಕೆಲಸ ಆಗಲೇ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ, ಖರ್ಚಿಗೆ ಹಣ ಮಂಜೂರಾಗದೆ ಸರ್ಕಾರ 16 ದಿನ ಬಂದ್ ಆಯಿತು. ಲಕ್ಷಾಂತರ ನೌಕರರು ಮನೆಯಲ್ಲಿ ಕೂತರು, ಸಂಸದರ ಸಂಬಳಕ್ಕೆ ಮಾತ್ರ ಏನೂ ಆಗಲಿಲ್ಲ. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ.

ಕ್ಯಾಲಿಫೋರ್ನಿಯಾ ರಾಜ್ಯದ ನಿಯಮ ಹೆಚ್ಚು ಬಿಗಿ. 2010ರಲ್ಲಿ ಜನರೇ ಮತ ಹಾಕಿ ತೀರ್ಮಾನಿಸಿದ ಜನಮತದ ನಂತರ, ಅಲ್ಲಿ ಜೂನ್ 15ರೊಳಗೆ ಬಜೆಟ್ ಪಾಸಾಗದಿದ್ದರೆ ಶಾಸಕರಿಗೆ ತಡವಾದ ದಿನಗಳ ಸಂಬಳ ಹೋದಂತೆಯೇ, ವಾಪಸ್ ಸಿಗುವುದಿಲ್ಲ. ಆದರೆ ಅದೇ ಜನಮತ ಬಜೆಟ್‌ಗೆ ಬೇಕಿದ್ದ ಮೂರನೇ ಎರಡರಷ್ಟು ಬಹುಮತವನ್ನೂ ಸರಳ ಬಹುಮತಕ್ಕೆ ಇಳಿಸಿತು. ನನ್ನ ಪ್ರಕಾರ ಜಾಸ್ತಿ ಕೆಲಸ ಮಾಡಿದ್ದು ಅದೇ.

ಇನ್ನೊಂದು ತೊಂದರೆಯೂ ಇದೆ. ಆಸ್ತಿ ಇರುವ ಸದಸ್ಯರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಇರಬಲ್ಲರು. ಸಂಬಳವನ್ನೇ ನಂಬಿರುವವರು ಬೇಗ ಮಣಿಯಬೇಕಾಗುತ್ತದೆ, ಅಲ್ವಾ?