ಡಬ್ಬದ ತುಂಬ ಬಿಲ್ಲು, ಯಾವ ಆ್ಯಪ್ ಹಾಕಲಿ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ನಾನು, ನನ್ನ ಓರಗಿತ್ತಿ ಇಬ್ಬರೂ ಸೇರಿ ಆರು ವರ್ಷದಿಂದ ಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಸಂಡಿಗೆ ಮಾಡಿ ಮಾರುತ್ತಿದ್ದೇವೆ. ಶಿವಮೊಗ್ಗದ ಮೂರು ಅಂಗಡಿಗೆ ಕೊಡುತ್ತೇವೆ, ಬೆಂಗಳೂರಿಗೆ ಕೊರಿಯರ್ ಕಳಿಸುತ್ತೇವೆ. ಹೋದ ವರ್ಷ ಜಿಎಸ್‌ಟಿ ಮಾಡಿಸಿದೆವು. ಅಲ್ಲಿಂದ ಶುರು ತಲೆನೋವು. ಆಡಿಟರ್ ಪ್ರತಿ ತಿಂಗಳು ಬಿಲ್ಲು ಕೇಳುತ್ತಾರೆ, ನಮ್ಮ ಬಿಲ್ಲೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ತುಂಬಿಕೊಂಡಿದೆ. ಮಗ 'ಬಿಲ್ ಸ್ಕ್ಯಾನ್ ಮಾಡೋ ಆ್ಯಪ್ ಹಾಕ್ಕೋ ಅಮ್ಮ' ಅಂತಾನೆ. ಹುಡುಕಿದರೆ ಇಪ್ಪತ್ತು ಬರುತ್ತವೆ, ಅರ್ಧಕ್ಕರ್ಧ ತಿಂಗಳಿಗೆ ಇಷ್ಟು ಅಂತ ದುಡ್ಡು ಕೇಳುತ್ತವೆ. ನೆಟ್‌ವರ್ಕ್ ನಮಗೆ ಅಂಗಳದ ಮೂಲೆಯಲ್ಲಿ ಮಾತ್ರ. ಯಾವುದು ಹಾಕಲಿ?
(ಹೆಸರು ಬೇಡ ಅಂದಿದ್ದಾರೆ)

ಉತ್ತರ: ಆ್ಯಪ್ ಆಮೇಲೆ ಅಮ್ಮ, ಮೊದಲು ಆ ಡಬ್ಬ ಸುರಿಯಿರಿ. ಚಾಪೆ ಹಾಸಿ ಮೂರು ರಾಶಿ ಮಾಡಿ. ಅಚ್ಚಾದ ಬಿಲ್ಲು ಒಂದು ಕಡೆ. ಕೈಯಲ್ಲಿ ಬರೆದ ಬಿಲ್ಲು ಇನ್ನೊಂದು ಕಡೆ. ಮೂರನೆಯದು ರಾಶಿಯೇ ಅಲ್ಲ, ಅದು ಖಾಲಿ ಜಾಗ: ಬಿಲ್ಲೇ ಇಲ್ಲದ ಖರ್ಚು. ಮಿಡಿ ಕೊಂಡಿದ್ದಕ್ಕೆ ಯಾರಾದರೂ ಬಿಲ್ಲು ಕೊಟ್ಟಿದ್ದಾರಾ? ಎಣಿಸಿ ಚೀಲಕ್ಕೆ ಹಾಕಿ, ನೂರಕ್ಕೆ ಇಷ್ಟು ಅಂತ ದುಡ್ಡು ಇಸಿದುಕೊಂಡು ಹೋಗಿರುತ್ತಾರೆ. ನಿಮ್ಮ ವರ್ಷದ ದೊಡ್ಡ ಖರ್ಚು ಬಹುಶಃ ಅದೇ, ಅದಕ್ಕೇ ಕಾಗದ ಇಲ್ಲ. ಯಾವ ಆ್ಯಪೂ ಇಲ್ಲದ ಬಿಲ್ಲನ್ನು ಸ್ಕ್ಯಾನ್ ಮಾಡುವುದಿಲ್ಲ ಅಲ್ವಾ.

ಮೂರನೆಯದಕ್ಕೆ ಪರಿಹಾರ ಹತ್ತಿಪ್ಪತ್ತು ರೂಪಾಯಿಯ ಪುಸ್ತಕ. ಅಂಗಡಿಯಲ್ಲಿ ವೋಚರ್ ಬುಕ್ ಅಂತ ಕೇಳಿ. ಮಿಡಿ ತಂದವರ ಹೆಸರು, ಊರು, ತಾರೀಕು, ಎಷ್ಟು ಮಿಡಿ, ಎಷ್ಟು ರೂಪಾಯಿ, ಅವರ ಸಹಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಆಮೇಲೆ ಆ ವೋಚರನ್ನೂ ಬಿಲ್ಲಿನ ಹಾಗೇ ಫೋಟೋ ತೆಗೆಯಿರಿ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ, ಆದಾಯ ತೆರಿಗೆಯಲ್ಲಿ ಅದನ್ನು ಖರ್ಚು ಅಂತ ಸಾಮಾನ್ಯವಾಗಿ ಒಪ್ಪುವುದಿಲ್ಲ. ಬೆಳೆದವರ ಕೈಯಿಂದಲೇ ನೇರ ಕೊಂಡರೆ ವಿನಾಯಿತಿ ಇದೆ, ನಡುವಿನ ವ್ಯಾಪಾರಿಯಿಂದ ಕೊಂಡರೆ ಆ ವಿನಾಯಿತಿ ಸಿಗುವುದಿಲ್ಲ. ಹಾಗಾಗಿ ವೋಚರಿನಲ್ಲಿ 'ಸ್ವಂತ ಮರದ್ದು' ಅಂತ ಒಂದು ಪದ ಬರೆಸಿಕೊಂಡರೆ ಮುಂದೆ ಆಡಿಟರ್ ನಿಮಗೆ ಫೋನ್ ಮಾಡಿ ಕೇಳುವುದು ತಪ್ಪುತ್ತದೆ.

ಈಗ ಇನ್ನೊಂದು ಪ್ರಶ್ನೆ, ಇದನ್ನು ನೀವು ನನಗಲ್ಲ, ಆಡಿಟರ್‌ಗೆ ಕೇಳಬೇಕು: ನಾವು ಕಾಂಪೋಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳಿಗೆ ಇರುವ ಸರಳ ಜಿಎಸ್‌ಟಿ) ಇದ್ದೇವಾ, ಮಾಮೂಲಿ ಜಿಎಸ್‌ಟಿಯಲ್ಲಾ? ಕಾಂಪೋಸಿಷನ್ ಆದರೆ ನೀವು ವಹಿವಾಟಿನ ಮೇಲೆ 1% ಕಟ್ಟುತ್ತೀರಿ, ಕೊಂಡ ಸಾಮಾನಿನ ತೆರಿಗೆಯನ್ನು ವಾಪಸ್ ಹಿಡಿದುಕೊಳ್ಳುವ ಹಾಗಿಲ್ಲ. ಆಗ ಬಿಲ್ಲಿನ ಒಂದೊಂದು ಸಾಲನ್ನೂ ಓದುವ ದುಬಾರಿ ಆ್ಯಪ್ ನಿಮಗೆ ಯಾಕೆ? ಫೋಟೋ, ತಾರೀಕು, ಮೊತ್ತ ಇದ್ದರೆ ಸಾಕು. ಮಾಮೂಲಿಯಲ್ಲಿದ್ದರೆ ಕಥೆ ಬೇರೆ. ಪ್ಲಾಸ್ಟಿಕ್ ಜಾಡಿಗೆ 18% ತೆರಿಗೆ ಕೊಟ್ಟಿರುತ್ತೀರಿ, ಅದನ್ನು ನಿಮ್ಮ ತೆರಿಗೆಯಲ್ಲಿ ಕಳೆಯಬಹುದು. ಅದಕ್ಕೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು, ಮಾರಿದವರು ತಮ್ಮ ರಿಟರ್ನ್‌ನಲ್ಲಿ ಆ ಬಿಲ್ಲು ತೋರಿಸಿರಬೇಕು. ತೋರಿಸಿದ್ದಾರಾ ಇಲ್ಲವಾ ಅನ್ನುವುದು ಮುಂದಿನ ತಿಂಗಳು 14ಕ್ಕೆ ಬರುವ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಗೊತ್ತಾಗುತ್ತದೆ. ನಿಮ್ಮ ಬಿಲ್ಲನ್ನು ಆ ಪಟ್ಟಿಗೆ ಹೋಲಿಸಿ ನೋಡುವವರು ಆಡಿಟರ್. ಅಂದರೆ ಆ್ಯಪ್ ಬಳಸುವವರು ನೀವಾದರೂ, ಅದರಿಂದ ಹೊರಗೆ ಬಂದಿದ್ದನ್ನು ಓದುವವರು ಅವರು. 'ನಿಮಗೆ ಪಿಡಿಎಫ್ ಬೇಕಾ, ಎಕ್ಸೆಲ್ ಬೇಕಾ, ಟ್ಯಾಲಿಗೆ ಹಾಕೋ ಹಾಗೆ ಬೇಕಾ' (ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್) ಅಂತ ಮೊದಲೇ ಒಂದು ಮಾತು ಕೇಳಿಕೊಳ್ಳಿ. ಇದನ್ನು ಕೇಳದೆ ವರ್ಷದ ಚಂದಾ ಕಟ್ಟಿ, ಆಮೇಲೆ ಆಡಿಟರ್ 'ಇದೆಲ್ಲ ಬೇಡ, ಬಿಲ್ಲು ತಗೊಂಡು ಬನ್ನಿ' ಅಂದಿದ್ದನ್ನು ನಾನು ಎರಡು ಕಡೆ ನೋಡಿದ್ದೇನೆ.

ಇನ್ನು ಪರೀಕ್ಷೆ. ಜಾಹೀರಾತು ನಂಬಬೇಡಿ, ನಿಮ್ಮದೇ ಡಬ್ಬದಿಂದ ಹತ್ತು ಬಿಲ್ಲು ಆರಿಸಿ. ಎಣ್ಣೆ ಕಲೆ ಆಗಿರುವುದು ಒಂದು ಇರಲಿ, ಮಡಿಸಿ ಮಡಿಸಿ ಗೆರೆ ಬಿದ್ದಿರುವುದು ಒಂದು, ಕನ್ನಡದಲ್ಲಿ ಕೈಬರಹದ್ದು ಎರಡು. ನಾನು ಹೀಗೇ ಒಂದು ಭಾನುವಾರ ಕೂತು ಮೂರು ಆ್ಯಪ್‌ಗೆ ಒಂದೇ ಬಿಲ್ಲು ಕೊಟ್ಟೆ. ಮೆಣಸಿನಪುಡಿ ಅಂಗಡಿಯ ಕೈಬರಹದ ಬಿಲ್ಲು, ಕೊನೆಯಲ್ಲಿ ನಮ್ಮವರು ಬರೆಯುವ ಹಾಗೇ '450/-' ಅಂತ ಇತ್ತು. ಒಂದು ಆ್ಯಪ್ ಆ ಓರೆ ಗೆರೆಯನ್ನು ಒಂದು ಅಂತ ಓದಿ 4501 ರೂಪಾಯಿ ಅಂತ ಬರೆದುಕೊಂಡಿತು! ನಾಲ್ಕು ಸಾವಿರದ ಮೆಣಸಿನಪುಡಿ ತಿಂದರೆ ಏನಾಗಬೇಡ. ಇನ್ನೊಂದು ತಾರೀಕಲ್ಲಿ ಎಡವಿತು. ನಾವು 04/03 ಅಂದರೆ ಮಾರ್ಚ್ 4. ಅಮೆರಿಕದವರ ಲೆಕ್ಕದಲ್ಲಿ ಅದು ಏಪ್ರಿಲ್ 3. ತಿಂಗಳು ತಪ್ಪಿದ್ದು ಮಾತ್ರ ಅಲ್ಲ, ಲೆಕ್ಕದ ವರ್ಷವೇ ಬದಲಾಗಿ ಹೋಯಿತು. ಇಂಥದ್ದು ಸೆಟ್ಟಿಂಗ್ಸ್‌ನಲ್ಲಿ ದೇಶ ಭಾರತ ಅಂತ ಹಾಕಿದರೆ ಸರಿಹೋಗಬೇಕು. ಹೋಗದಿದ್ದರೆ ಆ ಆ್ಯಪ್ ತೆಗೆದು ಹಾಕಿ.

ಜಿಎಸ್‌ಟಿ ನಂಬರ್ ಕೂಡ ನೋಡಿ. ಒಟ್ಟು 15 ಅಕ್ಷರ. ಕರ್ನಾಟಕದ್ದಾದರೆ 29ರಿಂದ ಶುರು, ಆಮೇಲೆ ಹತ್ತು ಅಕ್ಷರ ಅವರ ಪ್ಯಾನ್. ಹದಿನಾಲ್ಕನೆಯದು ಸಾಮಾನ್ಯವಾಗಿ ಇಂಗ್ಲಿಷಿನ ಜೆಡ್. ಅದನ್ನು 2 ಅಂತ ಓದುವುದು, ಸೊನ್ನೆಯನ್ನು 'ಓ' ಅಂತ ಓದುವುದು ಇದ್ದದ್ದೇ. ತಪ್ಪು ಓದುವುದು ದೊಡ್ಡ ಅಪರಾಧ ಅಲ್ಲ, ತಪ್ಪನ್ನು ನೀವು ಎರಡು ಸಲ ಒತ್ತಿ ತಿದ್ದುವ ಹಾಗೆ ಇದೆಯಾ ಅನ್ನುವುದು ಮುಖ್ಯ. ಇನ್ನು ಕನ್ನಡದ ಕೈಬರಹ ಓದುತ್ತದೆ ಅಂತ ಯಾರಾದರೂ ಹೇಳಿದರೆ, ನಮ್ಮ ಸಂತೆ ವ್ಯಾಪಾರಿಗಳ ಚೀಟಿ ಕೊಟ್ಟು ನೋಡಿ. ನಮಗೇ ಓದಲು ಬರುವುದಿಲ್ಲ. ಕೈಬರಹದ ಬಿಲ್ಲಿಗೆ ಮೊತ್ತ, ತಾರೀಕು ನೀವೇ ಒತ್ತಿ ಹಾಕಿ, ಹತ್ತು ಸೆಕೆಂಡಿನ ಕೆಲಸ.

ನೆಟ್‌ವರ್ಕ್ ವಿಷಯ ಬರೆದಿದ್ದೀರಲ್ಲ, ಅದಕ್ಕೂ ಒಂದು ಪರೀಕ್ಷೆ ಇದೆ. ಫೋನನ್ನು ವಿಮಾನದ ಗುರುತಿಗೆ ಹಾಕಿ, ಒಂದು ಬಿಲ್ಲು ಸ್ಕ್ಯಾನ್ ಮಾಡಿ, ಆ್ಯಪ್ ಮುಚ್ಚಿ. ಆಮೇಲೆ ಅಂಗಳದ ಮೂಲೆಗೆ ಹೋಗಿ ನೆಟ್ ಹಾಕಿ. ಬಿಲ್ಲು ತಾನಾಗೇ ಮೇಲೆ ಹೋಯಿತಾ? ಹೋಗದೆ ಮಾಯವಾಗಿದ್ದರೆ ಅದು ನಮ್ಮ ಮಲೆನಾಡಿನ ಆ್ಯಪ್ ಅಲ್ಲ, ಬೆಂಗಳೂರಿನವರು ಇಟ್ಟುಕೊಳ್ಳಲಿ. ಮಳೆಗಾಲದಲ್ಲಿ ಮೂರು ದಿನ ಕರೆಂಟಿಲ್ಲದೆ ಟವರ್ ಮಲಗಿದಾಗಲೂ ಬಿಲ್ಲು ಬರುತ್ತಲೇ ಇರುತ್ತದೆ.

ಹೆಸರು ಹೇಳಿ ಅಂತ ಕೇಳುತ್ತೀರಿ, ಹೇಳುತ್ತೇನೆ. ನಿಮ್ಮ ಗಾತ್ರದ ವ್ಯಾಪಾರಕ್ಕೆ ಮೊದಲ ಮೂರು ತಿಂಗಳು ಗೂಗಲ್ ಡ್ರೈವ್ ಸಾಕು. ಆಂಡ್ರಾಯ್ಡ್ ಫೋನಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ, ಅದರೊಳಗೇ ಕ್ಯಾಮೆರಾ ಗುರುತು ಒತ್ತಿದರೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡುತ್ತದೆ, 15 ಜಿಬಿ ಜಾಗ ಪುಕ್ಕಟೆ. ತಿಂಗಳಿಗೊಂದು ಫೋಲ್ಡರ್ ಮಾಡಿ, ಫೈಲಿಗೆ '2025-11-08 ಜಾಡಿ 3200' ಅಂತ ಹೆಸರಿಡಿ, ಆಡಿಟರ್ ಜೊತೆ ಆ ಫೋಲ್ಡರ್ ಹಂಚಿಕೊಳ್ಳಿ. ವರ್ಷ ಮೊದಲು ಬರೆದರೆ ಸಾಲಾಗಿ ತಾನೇ ಕೂರುತ್ತದೆ. ಅಡೋಬಿ ಸ್ಕ್ಯಾನ್ ಕೂಡ ಇಂಥದ್ದೇ. ಬಿಲ್ಲು ತಿಂಗಳಿಗೆ ಐವತ್ತು ಅರವತ್ತು ದಾಟಿ, ಮೊತ್ತವನ್ನು ತಾನೇ ಓದಿ ಪಟ್ಟಿ ಮಾಡಲಿ ಅನ್ನಿಸಿದಾಗ ಝೋಹೊ ಎಕ್ಸ್‌ಪೆನ್ಸ್ ತರಹದ್ದು ನೋಡಿ, ಚೆನ್ನೈ ಕಂಪನಿ, ನಮ್ಮ ಜಿಎಸ್‌ಟಿ ಅದಕ್ಕೆ ಗೊತ್ತು. ಹೊರದೇಶದ ಕೆಲವಕ್ಕೆ ಬಿಲ್ಲಿನಲ್ಲಿ ತೆರಿಗೆ ಅಂದರೆ ಒಂದೇ ಸಾಲು. ಕೇಂದ್ರದ ಪಾಲು ಸಿಜಿಎಸ್‌ಟಿ, ರಾಜ್ಯದ ಪಾಲು ಎಸ್‌ಜಿಎಸ್‌ಟಿ ಅಂತ ಎರಡು ಸಾಲು ನೋಡಿ ಕಣ್ಣು ಕಣ್ಣು ಬಿಡುತ್ತವೆ, ಮೇಲಿಂದ ಡಾಲರ್ ಲೆಕ್ಕದ ಚಂದಾ ಬೇರೆ.

ಇನ್ನೊಂದು ಎಚ್ಚರಿಕೆ. ಆ್ಯಪ್ ಶಾಶ್ವತ ಅಲ್ಲ. ಕ್ಯಾಮ್‌ಸ್ಕ್ಯಾನರ್ ನೆನಪಿದೆಯಾ? ಎಲ್ಲರ ಫೋನಿನಲ್ಲೂ ಇತ್ತು. 2020ರ ಜೂನ್ ಕೊನೆಗೆ ಸರ್ಕಾರ ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಅದೂ ಹೋಯಿತು. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ತನ್ನ ಲೆನ್ಸ್ ಆ್ಯಪ್ ನಿಲ್ಲಿಸುತ್ತೇವೆ ಅಂತ 2025ರಲ್ಲಿ ಹೇಳಿತು. ಜಿಎಸ್‌ಟಿ ಲೆಕ್ಕವನ್ನು ಆ ವರ್ಷದ ವಾರ್ಷಿಕ ರಿಟರ್ನ್ ಗಡುವಿನಿಂದ 72 ತಿಂಗಳು ಇಟ್ಟುಕೊಳ್ಳಬೇಕು. 2024-25ರ ಬಿಲ್ಲು ಅಂದರೆ 2031ರ ಡಿಸೆಂಬರ್ ಕೊನೆಯವರೆಗೆ. ಅಲ್ಲಿಯವರೆಗೆ ನಿಮ್ಮ ಆ್ಯಪ್ ಬದುಕಿರುತ್ತದೆ ಅಂತ ಯಾರು ಹೇಳಿದರು? ಅದಕ್ಕೇ ದುಡ್ಡು ಕಟ್ಟುವ ಮುಂಚೆ, ಹಾಕಿದ ಹತ್ತೂ ಬಿಲ್ಲನ್ನು ಒಟ್ಟಿಗೆ ಹೊರಗೆ ತೆಗೆದು ನೋಡಿ. ಚಿತ್ರವೂ ಬರಬೇಕು, ಪಟ್ಟಿಯೂ ಬರಬೇಕು. ಒಂದೊಂದಾಗಿ ಮಾತ್ರ ತೆಗೆಯಬಹುದು ಅಂದರೆ ಬಿಟ್ಟುಬಿಡಿ. ಮೂರು ತಿಂಗಳಿಗೊಮ್ಮೆ ಒಂದು ಪೆನ್ ಡ್ರೈವ್‌ಗೂ ಹಾಕಿಡಿ.

ಕಾಗದ ಎಸೆಯಬಹುದಾ ಅಂತ ಮುಂದೆ ಕೇಳುತ್ತೀರಿ. ಕಂಪ್ಯೂಟರ್ ರೂಪದ ಲೆಕ್ಕವನ್ನು ಜಿಎಸ್‌ಟಿ ನಿಯಮ ಒಪ್ಪುತ್ತದೆ, ಆದರೂ ನಾನು ಎಸೆಯುವುದಿಲ್ಲ. ತಿಂಗಳಿಗೊಂದು ಲಕೋಟೆ, ಅಟ್ಟದಲ್ಲಿ ಬೆಚ್ಚಗಿರುವ ಜಾಗ. ಬೂಷ್ಟು ಹಿಡಿದರೆ ಹಿಡಿಯಲಿ, ಚಿತ್ರ ಇದೆಯಲ್ಲ.

*

ಪ್ರಶ್ನೆ: ತೀರ್ಥಹಳ್ಳಿಯಲ್ಲಿ ಬೈಕ್ ರಿಪೇರಿ ಅಂಗಡಿ ಇದೆ. ಪೆಟ್ರೋಲ್ ಬಂಕ್, ಸ್ಪೇರ್ ಪಾರ್ಟ್ಸ್ ಬಿಲ್ಲು ನಾಲ್ಕೇ ತಿಂಗಳಿಗೆ ಬಿಳಿ ಕಾಗದ ಆಗಿಬಿಡುತ್ತೆ. ಮತ್ತೆ ಬರಿಸಲು ಆಗುತ್ತಾ?

ಉತ್ತರ: ಆ ಬಿಲ್ಲಿನಲ್ಲಿ ಶಾಯಿಯೇ ಇಲ್ಲ. ಕಾಗದಕ್ಕೆ ಬಳಿದ ರಾಸಾಯನಿಕ ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಅಷ್ಟೇ. ಬಿಸಿಲು, ಎಣ್ಣೆ, ಕೆಲವು ಪ್ಲಾಸ್ಟಿಕ್ ಕವರ್ ತಾಗಿದರೆ ಆ ಕಪ್ಪು ಹೋಗುತ್ತದೆ. ನಾನೂ ಒಂದು ವರ್ಷ ಶಿವಮೊಗ್ಗ–ಬೆಂಗಳೂರು ಓಡಾಟದ ಪೆಟ್ರೋಲ್ ಬಿಲ್ಲೆಲ್ಲ ಜೋಪಾನವಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟಿದ್ದೆ. ವರ್ಷದ ಕೊನೆಗೆ ಆಡಿಟರ್ ಮುಂದೆ ಹರಡಿದರೆ ಒಂದರಲ್ಲೂ ಅಕ್ಷರ ಇಲ್ಲ. ಅವರು ನಕ್ಕು 'ಇದೇನು, ಖಾಲಿ ಚೆಕ್ಕಾ' ಅಂದರು. ಮನೆಯಲ್ಲಿ ಮಾಡುವ ಉಪಾಯಗಳನ್ನು ನಂಬಬೇಡಿ. ಇಸ್ತ್ರಿ ಪೆಟ್ಟಿಗೆ ಇಟ್ಟರೆ ಪೂರ್ತಿ ಕಪ್ಪಾಗುತ್ತದೆ. ಸ್ಪೇರ್ ಪಾರ್ಟ್ಸ್ ಅಂಗಡಿಯವರ ಹತ್ತಿರ ನಕಲು ಪ್ರತಿ ಕೇಳಿ, ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಇನ್ನು ಮುಂದೆ ಬಿಲ್ಲು ಕೈಗೆ ಬಂದ ಜಾಗದಲ್ಲೇ, ಗ್ರೀಸ್ ಕೈ ಒರೆಸಿಕೊಂಡು, ಫೋಟೋ ತೆಗೆಯಿರಿ.

*

ಪ್ರಶ್ನೆ: ಬಿಲ್ಲಿನ ಫೋಟೋ ವಾಟ್ಸ್ಆ್ಯಪ್‌ನಲ್ಲೇ ಆಡಿಟರ್‌ಗೆ ಕಳಿಸುತ್ತೇನೆ, ಬೇರೆ ಆ್ಯಪ್ ಯಾಕೆ? – ಸಾಗರ

ಉತ್ತರ: ಕಳಿಸಿ, ತೊಂದರೆ ಇಲ್ಲ. ಆದರೆ ಫೋಟೋ ಅಂತ ಕಳಿಸಿದರೆ ವಾಟ್ಸ್ಆ್ಯಪ್ ಅದನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಸಣ್ಣ ಅಕ್ಷರದ ಜಿಎಸ್‌ಟಿ ನಂಬರ್ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ. ಮತ್ತೆ ಆಡಿಟರ್ ಫೋನಿನಲ್ಲಿ ನಿಮ್ಮ ಬಿಲ್ಲು ಯಾರದೋ ಶುಭೋದಯ ಹೂವಿನ ಕೆಳಗೆ ಹೂತು ಹೋಗಿರುತ್ತದೆ. ಅದಕ್ಕೆ ಅವರು ನಿಮಗೆ, ತಿಂಗಳ ರಿಟರ್ನ್ ಹಾಕುವ ಕೊನೇ ದಿನವಾದ 20ನೇ ತಾರೀಕು ಬೆಳಿಗ್ಗೆ 'ಆ ಬಿಲ್ಲು ಇನ್ನೊಂದ್ಸಲ ಕಳಿಸಿ' ಅನ್ನುವುದು.