ಆಲ್‌ಫ್ರಿಸ್ಟನ್ನಿನ ಹಳೆಯ ಪಾದ್ರಿಮನೆಯ ನಡುಭಾಗ ಒಳಕ್ಕೆ ಸರಿದಂತೆ ಕಾಣುವುದೇಕೆ?

ಇಂಗ್ಲೆಂಡಿನ ಪೂರ್ವ ಸಸೆಕ್ಸ್‌ನಲ್ಲಿ, ಚರ್ಚಿನ ಮಗ್ಗುಲಲ್ಲೇ ಇರುವ ಈ ಮನೆ 14ನೇ ಶತಮಾನದ್ದು. ಇದು ವೀಲ್ಡನ್ ಮಾದರಿಯ, ಅಂದರೆ ಆಗ್ನೇಯ ಇಂಗ್ಲೆಂಡಿನಲ್ಲಿ ರೂಢಿಯಲ್ಲಿದ್ದ ಮಾದರಿಯ ಮನೆ. ನಿಜಕ್ಕೂ ಈ ಮಾದರಿಯಲ್ಲಿ ನಡುಭಾಗ ಹಿಂದೆ ಸರಿದಿರುವುದಿಲ್ಲ. ಎರಡೂ ತುದಿಗಳ ಮೇಲ್ಮಹಡಿ ಮುಂದಕ್ಕೆ ಚಾಚಿರುತ್ತದೆ. ಇಡೀ ಮನೆಗೆ ಒಂದೇ ಚಾವಣಿ. ಹಾಗಾಗಿ ನಡುವೆ ಸೂರು ಗೋಡೆಯಿಂದ ದೂರ ನಿಲ್ಲುತ್ತದೆ, ಅದನ್ನು ಬಾಗಿದ ಮರದ ಆಸರೆಗಳು ಹೊರುತ್ತವೆ.

ನಡುವಿಗೆ ಮಹಡಿ ಯಾಕಿಲ್ಲ ಅಂದರೆ, ಅಲ್ಲಿರುವುದು ಚಾವಣಿಯವರೆಗೂ ತೆರೆದ ಹಜಾರ. ಆ ಕಾಲದ ಇಂಥ ಹಜಾರಗಳಲ್ಲಿ ನೆಲದ ಮೇಲೆಯೇ ಬೆಂಕಿ ಉರಿಯುತ್ತಿತ್ತು, ಹೊಗೆ ಮೇಲಕ್ಕೇರಿ ಹೋಗಬೇಕಿತ್ತು. ಹೊಗೆಗೂಡು ಬಂದದ್ದು ಆಮೇಲೆ.

ಮರದ ಚೌಕಟ್ಟು, ಹುಲ್ಲಿನ ಹೊದಿಕೆ ಎಲ್ಲ ಸರಿ, ಆದರೆ ನನಗೆ ಬಹಳ ಇಷ್ಟವಾಗುವುದು ಹಜಾರದ ನೆಲ. ಸೀಮೆಸುಣ್ಣದ ಕಲ್ಲನ್ನು ಬಡಿದು ಗಟ್ಟಿ ಮಾಡಿ, ಹುಳಿ ಹಾಲು ಸುರಿದು ಮುಚ್ಚಿದ್ದಾರೆ! ತೊಲೆಯ ಬಳಿ ಓಕ್ ಎಲೆಯ ಕೆತ್ತನೆಯೊಂದಿದೆ, ತಪ್ಪದೆ ನೋಡಿ.

19ನೇ ಶತಮಾನದ ಕೊನೆಗೆ ಮನೆ ಬೀಳುವ ಸ್ಥಿತಿಗೆ ಬಂದಿತ್ತು. 1896ರಲ್ಲಿ, ಚಾರಿತ್ರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆ ಇದನ್ನು 10 ಪೌಂಡಿಗೆ ಕೊಂಡು ಉಳಿಸಿತು. ಆ ಸಂಸ್ಥೆ ಕೊಂಡ ಮೊದಲ ಕಟ್ಟಡವೇ ಇದು.