ಅಮೆರಿಕದಲ್ಲಿ ಕಡಲ ವಿಜ್ಞಾನಿಗಳು ವಿಶ್ವವಿದ್ಯಾಲಯದ ಜೊತೆಗೆ ರಾಜ್ಯ ಸರ್ಕಾರದಲ್ಲೂ ಯಾಕೆ ಕೆಲಸ ಮಾಡುತ್ತಾರೆ?

ಯಾಕಂದರೆ ಅಲ್ಲಿ ದಡದ ಹತ್ತಿರದ ಕಡಲು ರಾಜ್ಯಗಳ ಕೈಯಲ್ಲಿದೆ. 1953ರ ಕಾನೂನಿನ ಪ್ರಕಾರ, ಹೆಚ್ಚಿನ ಕರಾವಳಿ ರಾಜ್ಯಗಳಿಗೆ ದಡದಿಂದ 3 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಹಕ್ಕಿದೆ. ಅಲ್ಲಿ ಯಾವ ಮೀನನ್ನು ಎಷ್ಟು ಹಿಡಿಯಬಹುದು ಎಂಬ ನಿಯಮ ರಾಜ್ಯದ್ದೇ. ಸುಮ್ನೆ ಅಂದಾಜಿನ ಮೇಲೆ ನಿಯಮ ಮಾಡೋಕಾಗಲ್ಲ, ಅಲ್ವಾ? ಎಣಿಸಿ ಹೇಳುವವರು ಬೇಕು.

ವರ್ಜೀನಿಯಾದ ಕಡಲ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಅದು ವಿಲಿಯಂ ಆ್ಯಂಡ್ ಮೇರಿ ವಿಶ್ವವಿದ್ಯಾಲಯದ ಭಾಗ. ಜೊತೆಗೆ ರಾಜ್ಯಕ್ಕೆ ಸಲಹೆ ಕೊಡಬೇಕೆಂದು ಕಾನೂನಿನಲ್ಲೇ ಬರೆದಿದೆ. ಚಳಿಗಾಲದಲ್ಲಿ ಚೆಸಪೀಕ್ ಕೊಲ್ಲಿಯ ನೀಲಿ ಏಡಿಗಳು ಕೆಸರಿನಲ್ಲಿ ಹೂತು ಅಲುಗಾಡದೆ ಮಲಗಿರುತ್ತವೆ. ಆಗ ಇಲ್ಲಿನ ವಿಜ್ಞಾನಿಗಳು ಪಕ್ಕದ ಮೇರಿಲ್ಯಾಂಡ್ ರಾಜ್ಯದ ಜೊತೆ ಸೇರಿ ಸುಮಾರು 1500 ಜಾಗಗಳಲ್ಲಿ ತಳ ಬಾಚಿ, ಸಿಕ್ಕ ಏಡಿಗಳನ್ನು ಎಣಿಸಿ ಅಳೆಯುತ್ತಾರೆ. ಸಂಖ್ಯೆ ತೀರಾ ಕುಸಿದಾಗ, 2008ರಲ್ಲಿ ಎರಡೂ ರಾಜ್ಯಗಳು ಹೆಣ್ಣು ಏಡಿ ಹಿಡಿಯುವುದಕ್ಕೆ ಕಡಿವಾಣ ಹಾಕಿದವು.

ಕೆಲಸದ ರೀತಿ ಮಾತ್ರ ಬೇರೆ. ವಿಶ್ವವಿದ್ಯಾಲಯದಲ್ಲಿ ಪ್ರಶ್ನೆ ನಿಮ್ಮದು, ಉತ್ತರಕ್ಕೆ ವರ್ಷಗಟ್ಟಲೆ ಕಾಯಬಹುದು. ಸರ್ಕಾರದಲ್ಲಿ ಪ್ರಶ್ನೆ ಬೇರೆಯವರದ್ದು, ಮುಂದಿನ ಮೀನುಗಾರಿಕೆ ಶುರುವಾಗುವಷ್ಟರಲ್ಲಿ ಉತ್ತರ ಬೇಕು. ಎದುರಿಗೆ ಕೂತ ಮೀನುಗಾರರಿಗೆ ಅದು ಹೊಟ್ಟೆಪಾಡು. ನನ್ನ ಪ್ರಕಾರ ಇದೇ ಜಾಸ್ತಿ ಕಷ್ಟದ ಕೆಲಸ, ಜಾಸ್ತಿ ಗೌರವ ಸಲ್ಲಬೇಕಾದ್ದೂ ಇದಕ್ಕೇ.